ಒಂದೇ ಪೂಜೆ ಬಲ್ಲ ಗುರುವೂ ತೊಲೇದೊದ ಮೇಣದ ಪ್ರತಿಮೆಯೂ: ಬೆರ್ಸೆಯೊನ ಪವಾಡಕಾವ್ಯದ ಒಂದು ಓದು

ನಮ್ಮ ಗುರುಮಠಗಳಲ್ಲಿ ಸ್ಪೇನಿನ ಸಾಹಿತ್ಯದ ಮಾತು ಬಂದಾಗ ಅವಿಲಾದ ಸಂತ ತೆರೇಸಾ ಹಾಗೂ ಶಿಲುಬೆಯ ಸಂತ ಯೊವಾನ್ನರ ಹೆಸರುಗಳನ್ನು ಹೇಳಿ ಮುಗಿಸುವುದು ವಾಡಿಕೆ. ಆಧ್ಯಾತ್ಮಿಕ ದೈವಶಾಸ್ತ್ರದ ಪಾಠಕ್ಕೆ ಅವರಿಬ್ಬರೂ ಅನಿವಾರ್ಯರೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವರು 16ನೆಯ ಶತಮಾನದವರು. ಅವರ ಕೈಗೆ ಬರುವ ಹೊತ್ತಿಗೆ ಆ ನಾಡಿನ ಆಡುಭಾಷೆಯು ದೇವರೊಡನೆ ಮಾತಾಡಲು ಕಲಿತು ಶತಮಾನಗಳೇ ಕಳೆದಿದ್ದವು. ಆ ಕಲಿಕೆ ಎಲ್ಲಿ ನಡೆಯಿತು, ಯಾರ ಕೈಯಲ್ಲಿ ನಡೆಯಿತು, ಯಾರ ನೆರೆಹೊರೆಯಲ್ಲಿ ನಡೆಯಿತು ಎಂದು ನಾವು ಕೇಳುವುದೇ ಕಡಿಮೆ. ಪ್ರಸ್ತುತ ಲೇಖನದಲ್ಲಿ ಆ ಆರಂಭಕಾಲದ ಒಂದು ಕೃತಿಯನ್ನು ಪರಿಶೀಲಿಸಲು ಹೊರಟಿದ್ದೇವೆ: ಗೊನ್ಸಾಲೊ ದೆ ಬೆರ್ಸೆಯೊ ಎಂಬ ಯಾಜಕನು 13ನೆಯ ಶತಮಾನದ ನಡುಭಾಗದಲ್ಲಿ ರಚಿಸಿದ ‘ನಮ್ಮ ಮಾತೆಯ ಪವಾಡಗಳು’. ಮರಿಯಭಕ್ತಿಯ ಸಾಹಿತ್ಯದಲ್ಲಿ ಇದಕ್ಕೆ ಎತ್ತರದ ಸ್ಥಾನವಿದೆ; ಆ ಸ್ಥಾನವನ್ನು ನಾವೂ ಒಪ್ಪುತ್ತೇವೆ. ಆದರೆ ಈ ಕಾವ್ಯದ ಕರುಣೆಗೆ ಒಂದು ಎಲ್ಲೆಯಿದೆ, ಆ ಎಲ್ಲೆಯಾಚೆ ಮನುಷ್ಯರು ಬೆಂಕಿಯಲ್ಲಿ ಬೇಯುತ್ತಾರೆ. ಅತ್ತ ಕಣ್ಣು ಹಾಯಿಸದೆ ಕರುಣೆಯನ್ನಷ್ಟೇ ಕೊಂಡಾಡುವ ಓದು ಯಾಜಕದೀಕ್ಷೆಗೆ ಸಿದ್ಧರಾಗುತ್ತಿರುವವರಿಗೆ ಸಾಲದು ಎಂಬುದು ನಮ್ಮ ವಾದ.

ಮೊದಲು ಸ್ಥಳವನ್ನು ನೋಡೋಣ. ಉತ್ತರ ಸ್ಪೇನಿನ ರಿಯೋಹಾ ಸೀಮೆಯಲ್ಲಿ ಸಾನ್ ಮಿಯಾನ್ ದೆ ಲಾ ಕೊಗೊಯಾ ಎಂಬ ಊರಿದೆ. 6ನೆಯ ಶತಮಾನದಲ್ಲಿ ಏಕಾಂತವಾಸಿಯಾಗಿದ್ದ ಸಂತ ಮಿಯಾನರ ಗವಿಗಳನ್ನು ಆಶ್ರಯಿಸಿ ಅಲ್ಲಿ ಎರಡು ಮಠಗಳು ಬೆಳೆದವು. ಬೆಟ್ಟದ ಮೇಲಿನದು ಸುಸೊ, ಕೆಳಗಿನ ಕಣಿವೆಯದು ಯುಸೊ. 1997ರಲ್ಲಿ ಇವು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ಮಠದ ಒಂದು ಲ್ಯಾಟಿನ್ ಹಸ್ತಪ್ರತಿಯಲ್ಲಿ, ಸಾಲುಗಳ ನಡುವೆಯೂ ಅಂಚಿನಲ್ಲಿಯೂ, ಯಾರೋ ಒಬ್ಬ ಮಠವಾಸಿ ಕಠಿಣ ಪದಗಳಿಗೆ ತನ್ನ ಆಡುಮಾತಿನಲ್ಲಿ ಅರ್ಥ ಬರೆದಿಟ್ಟಿದ್ದಾನೆ. ನಮ್ಮ ಓಲೆಗರಿಗಳಿಗೆ ಟೀಕು ಬರೆಯುತ್ತಿದ್ದ ಬಗೆಯಂತೆಯೇ. ಇವು 10ನೆಯ ಶತಮಾನದವೆಂದು ಹಿಂದೆ ನಂಬಲಾಗಿತ್ತು; ಈಗ 11ನೆಯ ಶತಮಾನಕ್ಕೆ ತರುವವರೇ ಹೆಚ್ಚು. ಎರಡು ಟೀಕುಗಳು ಬಾಸ್ಕ್ ಭಾಷೆಯಲ್ಲಿವೆ ಎಂಬುದು ಗಮನಾರ್ಹ. ಬರೆದವನ ಸುತ್ತ ಒಂದೇ ಭಾಷೆ ಇರಲಿಲ್ಲ. ಎಲ್ಲಕ್ಕಿಂತ ಉದ್ದನೆಯ ಟೀಕು ಆರ್ಲ್‌ನ ಸಂತ ಸೆಸಾರಿಯಸರ ಒಂದು ಪ್ರಬೋಧನೆಯ ಕೊನೆಗೆ ಸೇರಿದ ಪುಟ್ಟ ಪ್ರಾರ್ಥನೆ. ಫ್ರೆಂಚ್ ಭಾಷೆಯ ಮೊದಲ ದಾಖಲೆ 842ರ ರಾಜಕೀಯ ಪ್ರಮಾಣವಚನ, ಇಟಾಲಿಯನ್ನಿನದು 960ರ ಭೂವಿವಾದದ ಸಾಕ್ಷ್ಯ. ಸ್ಪ್ಯಾನಿಷ್ ಮಾತ್ರ ಪ್ರಾರ್ಥಿಸುತ್ತ ಬಾಯಿ ತೆರೆಯಿತು ಎಂಬರ್ಥದ ಮಾತನ್ನು ದಾಮಾಸೊ ಅಲೊನ್ಸೊ ಹೇಳಿದ ಮೇಲೆ ಅದು ಪ್ರಬೋಧನೆಗಳಲ್ಲಿಯೂ ಪೀಠಿಕೆಗಳಲ್ಲಿಯೂ ಪದೇಪದೇ ಕಾಣಿಸಿಕೊಳ್ಳುತ್ತಿದೆ.

ಇಂಪಾದ ಮಾತೇ ಸರಿ, ಆದರೆ ಅರ್ಧ ಮಾತು. 1948ರಲ್ಲಿ ಸ್ಯಾಮುಯೆಲ್ ಸ್ಟರ್ನ್ ಎಂಬ ವಿದ್ವಾಂಸರು ಹೀಬ್ರೂ ಗೀತೆಗಳ ಕೊನೆಯಲ್ಲಿ ಅರ್ಥವಾಗದೆ ಉಳಿದಿದ್ದ ಸಾಲುಗಳನ್ನು ಬಿಡಿಸಿ ಓದಿ ಪ್ರಕಟಿಸಿದರು. ಲಿಪಿ ಹೀಬ್ರೂ, ಭಾಷೆ ಮಾತ್ರ ಆಂದಲೂಸಿನ ಬೀದಿಗಳಲ್ಲಿ ಜನ ಆಡುತ್ತಿದ್ದ ಲ್ಯಾಟಿನ್‌ಜನ್ಯ ದೇಶಭಾಷೆ. ಅರಬ್ಬೀ ಲಿಪಿಯಲ್ಲಿಯೂ ಇಂತಹವು ಮುಂದೆ ದೊರೆತವು. ಖರ್ಜಾ ಎಂದು ಕರೆಯಲಾಗುವ ಈ ಕಿರುಪದ್ಯಗಳಲ್ಲಿ ಬಹಳಷ್ಟು ವಿರಹಿಣಿಯ ಮಾತುಗಳು. ಕೆಲವು 11ನೆಯ ಶತಮಾನದಷ್ಟು ಹಳೆಯವು. 1141ರಲ್ಲಿ ತೀರಿಕೊಂಡ ಮಹಾಕವಿ ಯೆಹೂದಾ ಹಲೇವಿಯೂ ತನ್ನ ಗೀತೆಗಳಿಗೆ ಇಂತಹ ಕೊನೆಗಳನ್ನು ಜೋಡಿಸಿದ್ದಾನೆ. ಸ್ವರಗಳನ್ನು ಬಿಟ್ಟು ಬರೆಯುವ ಲಿಪಿಯಾದ್ದರಿಂದ ಓದಿನಲ್ಲಿ ವಿವಾದಗಳುಂಟು. ಈ ಭಾಷೆ ಕಾಸ್ತೀಲಿಯನ್ನಿನ ನೇರ ತಾಯಿಯೂ ಅಲ್ಲ, ದಾಯಾದಿ. ಹಾಗಿದ್ದರೂ ಒಂದು ಸಂಗತಿ ಸ್ಥಿರ. ಆ ಪರ್ಯಾಯ ದ್ವೀಪದ ಆಡುಮಾತಿನ ಅತಿ ಪ್ರಾಚೀನ ಪದ್ಯಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ಸಭಾಮಂದಿರದ ಕವಿಗಳಿದ್ದರು. ಒಂದೆಡೆ ಲ್ಯಾಟಿನ್ ಪ್ರಬೋಧನೆಯ ಅಂಚಿನಲ್ಲಿ, ಇನ್ನೊಂದೆಡೆ ಹೀಬ್ರೂ ಗೀತೆಯ ತುದಿಯಲ್ಲಿ ಬೆಳೆದ ಭಾಷಾಕುಟುಂಬವಿದು. ಸುಸೊ ಮಠದ ದೇವಾಲಯದಲ್ಲಿಯೂ ಕುದುರೆಲಾಳದ ಆಕಾರದ ಕಮಾನುಗಳಿವೆ. ಬೆರ್ಸೆಯೊ ಬಾಲ್ಯದಲ್ಲಿ ಪ್ರಾರ್ಥಿಸಿದ್ದು ಅಂತಹ ಮಠದ ನೆರಳಿನಲ್ಲಿ.

ಅವನ ಬಗ್ಗೆ ನಮಗೆ ತಿಳಿದಿರುವುದು ಸ್ವಲ್ಪವೇ. ಹುಟ್ಟಿದ್ದು 12ನೆಯ ಶತಮಾನದ ಕೊನೆಗೆ, ಸಾನ್ ಮಿಯಾನಿನ ಪಕ್ಕದ ಬೆರ್ಸೆಯೊ ಗ್ರಾಮದಲ್ಲಿ, ಬೆಳೆದದ್ದು ಮಠದಲ್ಲಿ. 1221ರ ದಾಖಲೆಯೊಂದರಲ್ಲಿ ಡೀಕನ್ ಎಂದೂ 1237ರಲ್ಲಿ ಯಾಜಕನೆಂದೂ ಅವನ ಹೆಸರಿದೆ. ಮಠದ ವ್ರತಧಾರಿಯಾಗಿರಲಿಲ್ಲ, ಮಠಕ್ಕೆ ಹೊಂದಿಕೊಂಡು ಸೇವೆ ಮಾಡುತ್ತಿದ್ದ ಧರ್ಮಪ್ರಾಂತ್ಯದ ಗುರು. ಪಾಲೆನ್ಸಿಯಾದಲ್ಲಿ ಆಗತಾನೆ ತಲೆಯೆತ್ತಿದ್ದ ವಿದ್ಯಾಪೀಠದಲ್ಲಿ ಓದಿರಬಹುದೆಂಬುದು ಕೆಲವು ವಿದ್ವಾಂಸರ ಊಹೆ. ಕಾಸ್ತೀಲಿಯನ್ ಭಾಷೆಯಲ್ಲಿ ಹೆಸರಿನಿಂದ ನಮಗೆ ತಿಳಿದಿರುವ ಮೊದಲ ಕವಿ ಇವನೇ. ಸಂತರ ಚರಿತೆಗಳು, ಬಲಿಪೂಜೆಯ ವಿವರಣೆ, ಮಾತೆಯ ಶೋಕ, ಅಂತಿಮ ತೀರ್ಪಿನ ಸೂಚನೆಗಳು ಹೀಗೆ ಹಲವು ಕೃತಿಗಳನ್ನು ಬರೆದ. ಎಲ್ಲಕ್ಕೂ ಒಂದೇ ಛಂದಸ್ಸು: ನಾಲ್ಕು ಸಾಲಿನ ಪದ್ಯ, ಸಾಲಿಗೆ 14 ಉಚ್ಚಾರಾಂಶ, ನಡುವೆ ಯತಿ, ನಾಲ್ಕಕ್ಕೂ ಒಂದೇ ಅಂತ್ಯಪ್ರಾಸ. ಇದು ಅಕ್ಷರಜ್ಞರಾದ ಯಾಜಕರ ಛಂದಸ್ಸು. ಸಿದ್‌ನ ವೀರಗಾಥೆಯಂತಹ ಹಾಡುಗಾರರ ಏರಿಳಿಯುವ ಸಾಲುಗಳಿಗಿಂತ ಬೇರೆಯೆಂದು ತನ್ನನ್ನು ಹೆಮ್ಮೆಯಿಂದ ಗುರುತಿಸಿಕೊಂಡ ಬಗೆ.

ಹೆಮ್ಮೆಯಿದ್ದರೂ ದೂರವಿರಲಿಲ್ಲ. ಸಿಲೋಸಿನ ಸಂತ ದೊಮಿಂಗೊರ ಚರಿತೆಯ ಆರಂಭದಲ್ಲಿ, ನೆರೆಯವನೊಡನೆ ಜನ ಮಾತಾಡುವ ಸರಳ ಭಾಷೆಯಲ್ಲಿಯೇ ಬರೆಯುತ್ತೇನೆ, ಲ್ಯಾಟಿನ್ನಿನಲ್ಲಿ ರಚಿಸುವಷ್ಟು ಓದಿದವನಲ್ಲ, ನನ್ನ ಶ್ರಮಕ್ಕೆ ಒಂದು ಲೋಟ ಒಳ್ಳೆಯ ದ್ರಾಕ್ಷಾರಸ ಸಂದರೆ ಸಾಕು ಎಂಬರ್ಥದಲ್ಲಿ ಹೇಳಿಕೊಳ್ಳುತ್ತಾನೆ. ಈ ವಿನಯವನ್ನು ಪೂರ್ತಿ ನಂಬಬೇಕಾಗಿಲ್ಲ. ಅವನಿಗೆ ಲ್ಯಾಟಿನ್ ಚೆನ್ನಾಗಿಯೇ ಬರುತ್ತಿತ್ತು. ಹರಿಹರನ ರಗಳೆಗಳನ್ನು ಓದಿದ ಕನ್ನಡಿಗನಿಗೆ ಇಲ್ಲಿ ನಡೆಯುತ್ತಿರುವುದು ಏನೆಂದು ವಿವರಿಸುವ ಅಗತ್ಯವಿಲ್ಲ. ಹೆಚ್ಚುಕಡಿಮೆ ಅದೇ ಕಾಲಮಾನದಲ್ಲಿ, ಒಬ್ಬರಿನ್ನೊಬ್ಬರ ಹೆಸರನ್ನೂ ಕೇಳದೆ, ಇಬ್ಬರು ಭಕ್ತಕವಿಗಳು ಪಂಡಿತರ ಭಾಷೆಯಿಂದ ಶರಣರ ಮತ್ತು ಸಂತರ ಕಥೆಗಳನ್ನು ಬೀದಿಗೆ ಇಳಿಸಿದರು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸೋಣ.

ಬೆರ್ಸೆಯೊ ಬರೆಯುತ್ತಿದ್ದ ಕಾಲದ ಮೇಲೆ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯ ನೆರಳು ದಟ್ಟವಾಗಿತ್ತು. ವರ್ಷಕ್ಕೊಮ್ಮೆ ಪಾಪನಿವೇದನೆ ಮತ್ತು ಪರಮಪ್ರಸಾದ ಸ್ವೀಕಾರ ಕಡ್ಡಾಯವೆಂದು ಆ ಸಭೆ ವಿಧಿಸಿತು. ಯಾಜಕರಾಗುವವರಿಗೆ ತಕ್ಕ ಶಿಕ್ಷಣವಿರಬೇಕು, ಅಯೋಗ್ಯರು ಬಹಳಷ್ಟು ಇರುವುದಕ್ಕಿಂತ ಯೋಗ್ಯರು ಕೆಲವರೇ ಇರುವುದು ಮೇಲು ಎಂದು ಅದರ 27ನೆಯ ವಿಧಿ ತಿಳಿಸುತ್ತದೆ. ಯೆಹೂದ್ಯರೂ ಮುಸಲ್ಮಾನರೂ ಉಡುಪಿನಿಂದಲೇ ಬೇರೆಯೆಂದು ಕಾಣುವಂತಿರಬೇಕೆಂದು 68ನೆಯ ವಿಧಿ ಹೇಳುತ್ತದೆ. 1228ರಲ್ಲಿ ಪೋಪರ ಪ್ರತಿನಿಧಿಯಾಗಿ ಬಂದ ಕಾರ್ಡಿನಲ್ ಅಬ್ವಿಲ್‌ನ ಜಾನ್ ಅವರು ವಯ್ಯಾದೊಲಿದ್‌ನಲ್ಲಿ ಸಭೆ ಸೇರಿಸಿ ಈ ಸುಧಾರಣೆಗಳನ್ನು ಕಾಸ್ತೀಲಿನಲ್ಲಿ ಜಾರಿಗೆ ತರಲು ಹೆಣಗಿದರು; ಲ್ಯಾಟಿನ್ ಬಾರದ ಗುರುಗಳು ಅದನ್ನು ಕಲಿಯಲೇಬೇಕೆಂಬುದು ಅಲ್ಲಿನ ಒತ್ತಾಯಗಳಲ್ಲೊಂದು. ಮೇಲಿನ ಎರಡು ವಿಧಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ನೋಡಲಿರುವ ಕಥೆಗಳು ಅವೆರಡಕ್ಕೂ ಸಂಬಂಧಿಸಿದವು.

‘ಪವಾಡಗಳು’ ಕೃತಿಯಲ್ಲಿ ಒಂದು ಪೀಠಿಕೆಯೂ 25 ಕಥೆಗಳೂ ಇವೆ. ಒಂಬತ್ತನೆಯ ಕಥೆಯ ನಾಯಕ ಒಬ್ಬ ಬಡ ಗುರು. ಅವನಿಗೆ ಬರುತ್ತಿದ್ದುದು ಒಂದೇ ಪೂಜೆ, ಮಾತೆಯ ಗೌರವಾರ್ಥವಾದ ಬಲಿಪೂಜೆ. ಹಬ್ಬ ಯಾವುದೇ ಇರಲಿ, ದಿನವೂ ಅದನ್ನೇ ಹಾಡುತ್ತಿದ್ದ. ಯಾರೋ ಧರ್ಮಾಧ್ಯಕ್ಷರಲ್ಲಿ ದೂರಿದರು. ಅವರು ಅವನನ್ನು ಕರೆಸಿ, ಬೀದಿಯಲ್ಲಿಯೂ ಆಡಬಾರದ ಮಾತಿನಿಂದ ಅವನ ತಾಯಿಯನ್ನು ಹಳಿದು, ಪೂಜೆ ಅರ್ಪಿಸದಂತೆ ನಿಷೇಧಿಸಿದರು. ಗುರು ಅಳುತ್ತ ದೇವಮಾತೆಯ ಮೊರೆಹೊಕ್ಕ. ಮಾತೆ ಧರ್ಮಾಧ್ಯಕ್ಷರಿಗೆ ಕಾಣಿಸಿಕೊಂಡು, ನನ್ನ ಗುರುವನ್ನು ನನ್ನಿಂದ ಕಸಿದೆಯೇಕೆ, ಅವನಿಗೆ ಅಪ್ಪಣೆ ಕೊಡದಿದ್ದರೆ ಮೂವತ್ತು ದಿನಗಳೊಳಗೆ ಸಾಯುವೆ ಎಂದು ಗದರಿದರು. ಹೆದರಿದ ಧರ್ಮಾಧ್ಯಕ್ಷರು ಗುರುವಿನ ಕ್ಷಮೆ ಬೇಡಿ, ಎಂದಿನಂತೆ ಪೂಜೆ ಹಾಡು ಎಂದದ್ದಲ್ಲದೆ, ಬಟ್ಟೆಗೋ ಪಾದರಕ್ಷೆಗೋ ಕೊರತೆಯಾದರೆ ತಮ್ಮ ಕೈಯಿಂದಲೇ ಕೊಡುವುದಾಗಿ ಮಾತು ಕೊಟ್ಟರು.

ಈ ಪಾದರಕ್ಷೆಯ ವಿವರದಲ್ಲಿ ಬೆರ್ಸೆಯೊನ ಪ್ರತಿಭೆಯಿದೆ ಎಂದು ನಾವು ಭಾವಿಸುತ್ತೇವೆ. ಸಾಕ್ಷಾತ್ಕಾರ, ಶಾಪ, ಪಶ್ಚಾತ್ತಾಪ ಎಲ್ಲ ಮುಗಿದ ಮೇಲೆ ಅವನ ಕಣ್ಣು ಹೋಗುವುದು ಬಡ ಗುರುವಿನ ಸವೆದ ಪಾದರಕ್ಷೆಯ ಕಡೆಗೆ. ಲ್ಯಾಟರನ್ನಿನ 27ನೆಯ ವಿಧಿಯನ್ನು ಅವನು ವಿರೋಧಿಸುತ್ತಿದ್ದಾನೆಂದು ಕೆಲವರು ಓದುತ್ತಾರೆ. ನಮಗೆ ಹಾಗೆ ಕಾಣುವುದಿಲ್ಲ. ಸ್ವತಃ ಓದಿದವನಾಗಿ, ಓದದವರಿಗೆ ಕಲಿಸಲೆಂದೇ ಬಲಿಪೂಜೆಯ ವಿವರಣೆಯನ್ನು ಪದ್ಯರೂಪದಲ್ಲಿ ಬರೆದವನು ಅಜ್ಞಾನವನ್ನು ಹೊಗಳುವವನಲ್ಲ. ಸುಧಾರಣೆಯ ಹೆಸರಿನಲ್ಲಿ ಒಬ್ಬ ದುರ್ಬಲನನ್ನು ಅವಮಾನಿಸುವ ಅಧಿಕಾರ ಯಾವ ಧರ್ಮಾಧ್ಯಕ್ಷನಿಗೂ ಇಲ್ಲವೆಂಬುದೇ ಅವನ ಮಾತು. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಗುರುವಿದ್ಯಾರ್ಥಿಗಳಿಗೆ ಈ ಕಥೆ ಪ್ರಿಯವಾಗುವುದು ಸಹಜ. ಪರೀಕ್ಷಕರಾದ ನಮಗೂ ಅದು ಬೇಕಾದ ಕಥೆ.

ಇತರ ಕಥೆಗಳೂ ಇದೇ ಹದದಲ್ಲಿವೆ. ಗಲ್ಲಿಗೇರಿದ ಕಳ್ಳನ ಪಾದಗಳ ಕೆಳಗೆ ಮಾತೆ ತಮ್ಮ ಕೈಗಳನ್ನೊಡ್ಡಿ ಮೂರು ದಿನ ಎತ್ತಿ ಹಿಡಿಯುತ್ತಾರೆ. ಕುಡಿದು ತೂರಾಡುತ್ತ ಹೊರಟ ಮಠವಾಸಿಯ ಮೇಲೆ ಸೈತಾನನು ಗೂಳಿಯಾಗಿ, ನಾಯಿಯಾಗಿ, ಸಿಂಹವಾಗಿ ಎರಗಿದಾಗ ಮಾತೆ ಕೋಲು ಹಿಡಿದು ಬಾರಿಸಿ ಓಡಿಸಿ, ಅವನನ್ನು ಕೈಹಿಡಿದು ಕರೆದೊಯ್ದು ಹಾಸಿಗೆಯಲ್ಲಿ ಮಲಗಿಸಿ ಹೊದಿಕೆ ಹೊದಿಸುತ್ತಾರೆ. ಬೆಳಗಾದ ಮೇಲೆ ಪಾಪನಿವೇದನೆ ಮಾಡು ಎಂದು ಹೇಳಿಯೇ ಹೋಗುತ್ತಾರೆ. ಬಸುರಾದ ಮಠಾಧ್ಯಕ್ಷೆಯ ಹೆರಿಗೆಯನ್ನು ಮಾತೆಯೇ ನಿಭಾಯಿಸಿ, ಹಸುಗೂಸನ್ನು ದೇವದೂತರ ಕೈಯಲ್ಲಿ ಒಬ್ಬ ಏಕಾಂತವಾಸಿಯ ಬಳಿಗೆ ಕಳುಹಿಸುತ್ತಾರೆ. ಪಾಪವನ್ನು ಪಾಪವೆನ್ನದೆ ಬಿಟ್ಟದ್ದಿಲ್ಲ, ಆದರೆ ಪಾಪಿಯನ್ನು ಕೈಬಿಟ್ಟದ್ದೂ ಇಲ್ಲ.

ಈ ಕರುಣೆಯ ಒಳಗಟ್ಟನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಇಲ್ಲಿ ಉಳಿದವರೆಲ್ಲ ಮಾತೆಗೆ ಏನಾದರೊಂದು ಸೇವೆ ಸಲ್ಲಿಸಿದವರು. ಕಳ್ಳನು ಮಾತೆಯ ಪ್ರತಿಮೆಗೆ ತಲೆಬಾಗುತ್ತಿದ್ದ, ಕುಡುಕನು ಮಾತೆಯ ಭಕ್ತನಾಗಿದ್ದ, ಬಡ ಗುರುವಿಗೆ ಬರುತ್ತಿದ್ದುದು ಮಾತೆಯ ಪೂಜೆಯೇ. ಊಳಿಗಮಾನ್ಯ ಸಮಾಜದಲ್ಲಿ ಒಡೆಯನು ತನ್ನ ಆಳುಗಳನ್ನು ನ್ಯಾಯಾನ್ಯಾಯ ನೋಡದೆ ಕಾಯಬೇಕಾಗಿತ್ತು. ತನ್ನವರ ಮೇಲೆ ಬಿದ್ದ ಏಟು ತನ್ನ ಮೇಲೆಯೇ ಬಿದ್ದಂತೆ. ಬೆರ್ಸೆಯೊನ ಮಾತೆಯು ಧರ್ಮಾಧ್ಯಕ್ಷರನ್ನು ಗದರುವಾಗ ‘ನನ್ನ ಗುರು’ ಎನ್ನುವುದು ಈ ಅರ್ಥದಲ್ಲಿ. ದೈವಕೃಪೆಯ ಉಚಿತತ್ವವನ್ನು ಜನಕ್ಕೆ ಮನಗಾಣಿಸಲು ಅವನಿಗೆ ದೊರೆತ ಸಾಮಾಜಿಕ ಭಾಷೆ ಇದೇ ಆಗಿತ್ತು, ಅವನು ಅದನ್ನು ಸೊಗಸಾಗಿ ದುಡಿಸಿಕೊಂಡ. ಆದರೆ ಒಡೆತನದ ಕರುಣೆಗೆ ಅದರದೇ ತರ್ಕವಿದೆ: ‘ನನ್ನವರು’ ಎಂಬ ಮಾತು ಬಂದ ಕೂಡಲೇ ‘ನನ್ನವರಲ್ಲದವರು’ ಎಂಬುದೂ ಬರುತ್ತದೆ.

ಹದಿನಾರನೆಯ ಕಥೆ ಬೂರ್ಜ್ ಪಟ್ಟಣದ್ದು. ಯೆಹೂದ್ಯ ಬಾಲಕನೊಬ್ಬ ತನ್ನ ಕ್ರೈಸ್ತ ಗೆಳೆಯರೊಡನೆ ದೇವಾಲಯಕ್ಕೆ ಹೋಗಿ ಪರಮಪ್ರಸಾದವನ್ನು ಸ್ವೀಕರಿಸುತ್ತಾನೆ. ಕೆರಳಿದ ತಂದೆ ಅವನನ್ನು ಉರಿಯುವ ಒಲೆಗೆ ಎಸೆಯುತ್ತಾನೆ. ಮಾತೆ ಬೆಂಕಿಯೊಳಗೆ ಮಗುವನ್ನು ಕಾಯುತ್ತಾರೆ. ಕೂದಲೂ ಸುಡದೆ ಅವನು ಹೊರಬರುತ್ತಾನೆ. ಕಥೆ ಪ್ರಾಚೀನವಾದುದು, 6ನೆಯ ಶತಮಾನದ ತೂರ್‌ನ ಗ್ರೆಗೊರಿಯವರಲ್ಲಿಯೇ ಇದೆ. ಬೆರ್ಸೆಯೊನಲ್ಲಿ ಜನರು ತಂದೆಯನ್ನು ಹಿಡಿದು ಅದೇ ಒಲೆಗೆ ದೂಡುತ್ತಾರೆ. ನಾಲ್ಕು ಕಾಸು ಎಣಿಸುವಷ್ಟು ಹೊತ್ತಿನಲ್ಲಿ ಅವನು ಬೂದಿಯಾದ ಎಂಬುದು ಕವಿಯ ಲೆಕ್ಕ. ಅವನಿಗಾಗಿ ಯಾರೂ ಕೀರ್ತನೆ ಹೇಳಲಿಲ್ಲ, ಶಾಪ ಹಾಕಿದರು ಎಂದೂ ಸೇರಿಸುತ್ತಾನೆ. ಮಗುವನ್ನು ಕೊಲ್ಲಹೊರಟ ತಂದೆಯ ಬಗ್ಗೆ ಕೋಪ ಬರುವುದು ಸಹಜ. ನಾವು ಗಮನಿಸಬೇಕಾದದ್ದು ಆ ಉಪಮೆಯನ್ನು. ಕುಡುಕನ ಹೊದಿಕೆಯನ್ನೂ ಬಡ ಗುರುವಿನ ಪಾದರಕ್ಷೆಯನ್ನೂ ಕಂಡ ಅದೇ ಕಣ್ಣು, ಯೆಹೂದ್ಯನ ಸಾವನ್ನು ಅಳೆಯಲು ನಾಣ್ಯದೆಣಿಕೆಯನ್ನು ಆರಿಸಿಕೊಂಡಿತು. ಯೆಹೂದ್ಯನೆಂದರೆ ಬಡ್ಡಿ ಲೆಕ್ಕದವನು ಎಂಬ ಊರಮಾತು ಇಲ್ಲಿ ಉಪಮೆಯೊಳಗೆ ಸದ್ದಿಲ್ಲದೆ ನುಸುಳಿದೆ. ಸಿದ್‌ನ ಗಾಥೆಯಲ್ಲಿಯೂ ಮರಳು ತುಂಬಿದ ಪೆಟ್ಟಿಗೆಗಳನ್ನು ಅಡವಿಟ್ಟು ರಾಕೆಲ್ ಮತ್ತು ವಿದಾಸರನ್ನು ವಂಚಿಸುವ ಪ್ರಸಂಗ ನಗೆಯ ಸರಕಾಗಿಯೇ ಬರುತ್ತದೆ. ಕೇಳುಗರು ಆ ನಗೆಗೆ ಒಗ್ಗಿದ್ದರು.

ಹದಿನೆಂಟನೆಯದು ಇನ್ನೂ ಕಿರಿದು, ಇನ್ನೂ ಭೀಕರ. ತೊಲೇದೊ ನಗರ, ಆಗಸ್ಟ್ ನಡುವಿನ ಮಾತೆಯ ಮಹೋತ್ಸವ. ಮಹಾಧರ್ಮಾಧ್ಯಕ್ಷರು ಪೂಜೆ ಅರ್ಪಿಸುತ್ತಿರುವಾಗ ಸ್ವರ್ಗದಿಂದ ಮಾತೆಯ ಅಳಲು ಕೇಳಿಸುತ್ತದೆ: ಯೆಹೂದ್ಯರು ನನ್ನ ಮಗನನ್ನು ಮತ್ತೆ ಶಿಲುಬೆಗೇರಿಸುತ್ತಿದ್ದಾರೆ. ಜನರೂ ಯಾಜಕವರ್ಗವೂ ಯೆಹೂದ್ಯರ ಕೇರಿಗೆ ಧಾವಿಸುತ್ತಾರೆ. ಪ್ರಮುಖ ರಬ್ಬಿಯ ಮನೆಯಲ್ಲಿ ಮೇಣದಿಂದ ಮಾಡಿದ, ಮೊಳೆ ಹೊಡೆದ, ಪಕ್ಕೆ ತಿವಿದ ಕ್ರಿಸ್ತಪ್ರತಿಮೆ ಸಿಗುತ್ತದೆ. ಸಿಕ್ಕವರನ್ನೆಲ್ಲ ಕೊಲ್ಲುತ್ತಾರೆ. ಅವರಿಗೆ ತಕ್ಕ ಊಟವನ್ನೇ ಬಡಿಸಲಾಯಿತು ಎಂಬ ಹಾಸ್ಯದೊಂದಿಗೆ ಕವಿ ಆ ಕೊಲೆಗಳನ್ನು ದಾಟುತ್ತಾನೆ. ಇಡೀ ಕಥೆಯಲ್ಲಿ ಒಬ್ಬ ಯೆಹೂದ್ಯನೂ ಬಾಯಿ ತೆರೆಯುವುದಿಲ್ಲ. ವಿಚಾರಣೆಯಿಲ್ಲ, ಪಶ್ಚಾತ್ತಾಪಕ್ಕೆ ಅವಕಾಶವಿಲ್ಲ, ಮೂವತ್ತು ದಿನಗಳ ಗಡುವೂ ಇಲ್ಲ. ಬೈದ ಧರ್ಮಾಧ್ಯಕ್ಷರಿಗೆ ಸಿಕ್ಕ ಕಾಲಾವಕಾಶ ತೊಲೇದೊದ ರಬ್ಬಿಗೆ ಸಿಗಲಿಲ್ಲ.

ಬೆರ್ಸೆಯೊನನ್ನು ಸಮರ್ಥಿಸುವವರು ಸಾಮಾನ್ಯವಾಗಿ ಎರಡು ವಾದಗಳನ್ನು ಮುಂದಿಡುತ್ತಾರೆ. ಅವನು ಬರಿಯ ಅನುವಾದಕ, ಕಥೆಗಳೆಲ್ಲ ಲ್ಯಾಟಿನ್ನಿನಿಂದ ಬಂದವು ಎಂಬುದು ಮೊದಲನೆಯದು. ಆಕರಗ್ರಂಥಕ್ಕೆ ತೀರ ಹತ್ತಿರವಾದ ಗದ್ಯಸಂಗ್ರಹದ ಪ್ರತಿಯೊಂದು ಕೋಪನ್‌ಹೇಗನ್ನಿನ ರಾಜ ಗ್ರಂಥಾಲಯದಲ್ಲಿರುವುದನ್ನು 1910ರಲ್ಲಿ ರಿಚರ್ಡ್ ಬೆಕರ್ ಗುರುತಿಸಿದಂದಿನಿಂದ ಈ ವಾದಕ್ಕೆ ಬಲ ಬಂದಿದೆ. ಆದರೆ ಅದೇ ಪ್ರತಿ ಇನ್ನೊಂದನ್ನೂ ತೋರಿಸುತ್ತದೆ: ಬೆರ್ಸೆಯೊ ಕಥಾವಸ್ತುವನ್ನು ಉಳಿಸಿಕೊಂಡು ಮಾತುಕತೆ, ಉಪಮೆ, ಹಾಸ್ಯ, ಮನೆಯೊಳಗಿನ ವಿವರಗಳನ್ನು ತಾನೇ ತುಂಬುತ್ತಾನೆ, ದೇವಾಲಯದ ಕಳವಿನ ಕಥೆಗಂತೂ ಆ ಸಂಗ್ರಹದಲ್ಲಿ ಮೂಲವೇ ಇಲ್ಲ. ಬಡ ಗುರುವಿನ ಕಥೆಯ ಸವಿಯನ್ನು ಕವಿಗೆ ಸಲ್ಲಿಸಿ, ತೊಲೇದೊದ ಕಥೆಯ ಕಹಿಯನ್ನು ಮೂಲಕ್ಕೆ ಹೊರಿಸುವುದು ನ್ಯಾಯವಾದ ವಿಮರ್ಶೆಯಲ್ಲ.

ಎರಡನೆಯ ವಾದ ಹೆಚ್ಚು ಪ್ರಚಲಿತ: ಅವನು ತನ್ನ ಕಾಲದ ಕೂಸು, ಇಂದಿನ ಅಳತೆಗೋಲಿನಿಂದ ಅಂದಿನವನನ್ನು ಅಳೆಯಬಾರದು. ಒಪ್ಪೋಣ, ಅಂದಿನ ಅಳತೆಗೋಲನ್ನೇ ಹಿಡಿಯೋಣ. ಯೆಹೂದ್ಯರಿಗೆ ರಕ್ಷಣೆ ನೀಡುವ ಶಾಸನವನ್ನು ಎರಡನೆಯ ಕಲಿಕ್ಸ್ಟಸರು ಸುಮಾರು 1120ರಲ್ಲಿ ಹೊರಡಿಸಿದ್ದರು. ಮುಂದಿನ ಪೋಪರು ಅದನ್ನು ನವೀಕರಿಸುತ್ತ ಬಂದರು, 1199ರಲ್ಲಿ ಮೂರನೆಯ ಇನ್ನೊಸೆಂಟರು ಕೂಡ. ನ್ಯಾಯಾಧಿಕಾರಿಯ ತೀರ್ಪಿಲ್ಲದೆ ಯೆಹೂದ್ಯರನ್ನು ಗಾಯಗೊಳಿಸುವುದನ್ನೂ ಕೊಲ್ಲುವುದನ್ನೂ ಅದು ನಿಷೇಧಿಸುತ್ತದೆ. ಎರಡನೆಯ ಶಿಲುಬೆಯುದ್ಧದ ಸಮಯದಲ್ಲಿ, 1146ರಲ್ಲಿ, ರೈನ್ ನದೀತೀರದಲ್ಲಿ ಯೆಹೂದ್ಯರ ಕೊಲೆಗೆ ಜನರನ್ನು ಹುರಿದುಂಬಿಸುತ್ತಿದ್ದ ಮಠವಾಸಿ ರಾಡುಲ್ಫನನ್ನು ಸಂತ ಬೆರ್ನಾರ್ದರು ಬಹಿರಂಗವಾಗಿ ಖಂಡಿಸಿದರು. ಬೆರ್ನಾರ್ದರಿಗಿಂತ ದೊಡ್ಡ ಮರಿಯಭಕ್ತ ಆ ಯುಗದಲ್ಲಿ ಯಾರಿದ್ದರು? 1247ರಲ್ಲಿ, ಅಂದರೆ ಬೆರ್ಸೆಯೊ ಈ ಪದ್ಯಗಳಲ್ಲಿ ತೊಡಗಿದ್ದ ಆಸುಪಾಸಿನಲ್ಲೇ, ಯೆಹೂದ್ಯರ ಮೇಲೆ ಹೊರಿಸುತ್ತಿದ್ದ ನರಬಲಿಯ ಅಪವಾದವನ್ನು ನಾಲ್ಕನೆಯ ಇನ್ನೊಸೆಂಟರು ತಮ್ಮ ಪತ್ರಗಳಲ್ಲಿ ತಳ್ಳಿಹಾಕಿದರು. ಆ ಕಾಲದ ಧರ್ಮಸಭೆಯಲ್ಲಿಯೇ, ಅದರ ತಲೆಮಂದಿಯ ಬಾಯಲ್ಲಿಯೇ, ಬೇರೆ ಮಾತೂ ಇತ್ತು. ಆ ಪೋಪರ ಕೈಯೂ ಶುದ್ಧವಾಗಿರಲಿಲ್ಲವೆನ್ನುವುದಕ್ಕೆ 68ನೆಯ ವಿಧಿಯೇ ಸಾಕ್ಷಿ. ಆದರೂ ಅವರ ಶಾಸನದ ಪ್ರಕಾರ ತೊಲೇದೊದ ಕಥೆಯ ಗುಂಪು ಅಪರಾಧಿ. ಬೆರ್ಸೆಯೊನ ಪ್ರಕಾರ ಅದು ಮಾತೆಯ ಆಜ್ಞಾಪಾಲಕ.

ತೊಲೇದೊದ ಹೆಸರೇ ಇಲ್ಲಿ ವಿಚಿತ್ರ ವ್ಯಂ‌ಗ್ಯವನ್ನು ಹೊತ್ತಿದೆ. 12ನೆಯ ಶತಮಾನದಿಂದಲೂ ಅರಬ್ಬೀ ವಿದ್ಯೆಯನ್ನು ಲ್ಯಾಟಿನ್ನಿಗೆ ತರುವ ಕೆಲಸದ ಕೇಂದ್ರ ಆ ನಗರ. ಹತ್ತನೆಯ ಅಲ್ಫೊನ್ಸೊ (ಆಳ್ವಿಕೆ 1252–1284) ಆ ಕೆಲಸವನ್ನು ಕಾಸ್ತೀಲಿಯನ್ನಿಗೆ ತಿರುಗಿಸಿದ. ಅವನ ಹೆಸರಿನ ಖಗೋಳ ಕೋಷ್ಟಕಗಳನ್ನು ಸಿದ್ಧಪಡಿಸಿದವರು ಯೆಹೂದಾ ಬೆನ್ ಮೋಶೆ ಮತ್ತು ಇಸಾಕ್ ಬೆನ್ ಸಿದ್ ಎಂಬ ಇಬ್ಬರು ಯೆಹೂದ್ಯರು. ಬೆರ್ಸೆಯೊ ಪ್ರಾರ್ಥನೆಗೆ ಬಳಸಿದ ಭಾಷೆಯನ್ನು ವಿಜ್ಞಾನಕ್ಕೆ ಬಗ್ಗಿಸಿದವರಲ್ಲಿ ಅವನು ಕೊಲ್ಲಿಸಿದ ಕೇರಿಯವರಿದ್ದರು. ಅದೇ ನಗರದ ಪ್ರಧಾನಾಲಯದ ಗ್ರಂಥಾಲಯದಲ್ಲಿ ದೊರೆತ ‘ಮೂವರು ಜ್ಞಾನಿಗಳ ನಾಟಕ’ 12ನೆಯ ಶತಮಾನದ್ದು; ಈಗ ಉಳಿದಿರುವುದು 147 ಸಾಲುಗಳ ತುಣುಕು. ಅದರ ಕೊನೆಯ ದೃಶ್ಯದಲ್ಲಿ ಹೆರೋದನು ಕರೆಸಿದ ರಬ್ಬಿಗಳು ತಮ್ಮತಮ್ಮಲ್ಲೇ ವಾದಕ್ಕಿಳಿಯುತ್ತಾರೆ. ಇದೇನೂ ಯೆಹೂದ್ಯರ ಪರವಾದ ನಾಟಕವಲ್ಲ, ಅವರ ಕುರುಡುತನವನ್ನು ತೋರಿಸುವುದೇ ಅದರ ಉದ್ದೇಶ. ಆದರೂ ಅಲ್ಲಿ ರಬ್ಬಿಗೆ ಬಾಯಿದೆ. ಇನ್ನೊಬ್ಬನನ್ನು ಪ್ರಶ್ನಿಸುತ್ತಾನೆ, ಸತ್ಯದ ಬಗ್ಗೆ ಚಿಂತಿಸುತ್ತಾನೆ. ಮಾತಾಡುವ ಶತ್ರುವಿಗೂ ಮಾತೇ ಇಲ್ಲದ ಶತ್ರುವಿಗೂ ಇರುವ ಅಂತರ ಸಾಹಿತ್ಯದಲ್ಲಿ ಸಣ್ಣದಲ್ಲ.

ಕಥೆಗಳು ಪುಸ್ತಕದಲ್ಲಿಯೇ ಉಳಿಯುವುದಿಲ್ಲ. ಅಲ್ಫೊನ್ಸೊನ ಆಸ್ಥಾನದಲ್ಲಿ ಗಲಿಷಿಯನ್-ಪೋರ್ಚುಗೀಸ್ ಭಾಷೆಯಲ್ಲಿ ರಚಿತವಾದ ನಾನ್ನೂರಕ್ಕೂ ಮಿಕ್ಕ ಮರಿಯಗೀತೆಗಳಲ್ಲಿ ನಾಲ್ಕನೆಯದು ಒಲೆಯ ಬಾಲಕನ ಕಥೆ, ಹನ್ನೆರಡನೆಯದು ತೊಲೇದೊದ ಮೇಣದ ಪ್ರತಿಮೆಯ ಕಥೆ. ಇನ್ನು ಅವನ ‘ಏಳು ಭಾಗಗಳು’ ಎಂಬ ಕಾನೂನು ಸಂಹಿತೆಯನ್ನು ನೋಡಿ. ಏಳನೆಯ ಭಾಗದ 24ನೆಯ ಅಧ್ಯಾಯ ಯೆಹೂದ್ಯರನ್ನು ಕುರಿತದ್ದು. ಸಭಾಮಂದಿರವು ದೇವರ ಸ್ತುತಿ ನಡೆಯುವ ಮನೆ, ಅದಕ್ಕೆ ಹಾನಿ ಮಾಡಬಾರದು ಎಂದು ಹೇಳುವ ಅದೇ ಅಧ್ಯಾಯ, ಶುಭಶುಕ್ರವಾರದಂದು ಯೆಹೂದ್ಯರು ಮಕ್ಕಳನ್ನು ಕದ್ದು ಶಿಲುಬೆಗೇರಿಸುತ್ತಾರೆ, ಮಕ್ಕಳು ಸಿಗದಿದ್ದರೆ ಮೇಣದ ಪ್ರತಿಮೆಯನ್ನು ಮಾಡಿ ಶಿಲುಬೆಗೇರಿಸುತ್ತಾರೆಂದು ನಾವು ಕೇಳಿದ್ದೇವೆ ಎನ್ನುತ್ತದೆ. ಕೇಳಿದ್ದೇವೆ! ಎಲ್ಲಿ ಕೇಳಿದರು? ಪವಾಡಗಳ ಪುಸ್ತಕಗಳಲ್ಲಿ, ಅವನ್ನು ದೃಷ್ಟಾಂತವಾಗಿ ಬಳಸಿದ ಪ್ರಬೋಧನೆಗಳಲ್ಲಿ ಎಂದು ಊಹಿಸಲು ಕಷ್ಟವಿಲ್ಲ. ಭಕ್ತಿಕಥೆಯ ಮೇಣದ ಪ್ರತಿಮೆ ಕಾನೂನಿನ ವಾಕ್ಯದೊಳಗೆ ಬಂದು ಕುಳಿತಿತು.

ಬೀದಿಗೂ ಬಂತು. ಎಸಿಹಾದ ಆರ್ಚ್‌ಡೀಕನ್ ಆಗಿದ್ದ ಫೆರ್ರಾನ್ ಮಾರ್ತಿನೆಸ್ ಎಂಬ ಯಾಜಕನು ಸೆವಿಯಾದಲ್ಲಿ ವರ್ಷಗಟ್ಟಲೆ ಯೆಹೂದ್ಯರ ವಿರುದ್ಧ ಬೋಧಿಸಿದ. ಅರಸರೂ ಮಹಾಧರ್ಮಾಧ್ಯಕ್ಷರೂ ತಡೆದರೂ ನಿಲ್ಲಿಸಲಿಲ್ಲ. 1391ರ ಜೂನ್ ತಿಂಗಳಲ್ಲಿ ಅಲ್ಲಿನ ಯೆಹೂದ್ಯರ ಕೇರಿ ಹತ್ಯಾಕಾಂಡಕ್ಕೆ ತುತ್ತಾಯಿತು. ಆ ಉರಿ ಕೊರ್ದೊಬಾ, ತೊಲೇದೊ, ವಲೆನ್ಸಿಯಾ, ಬಾರ್ಸೆಲೋನಾಗಳಿಗೂ ಹಬ್ಬಿತು. ಸಾವಿರಾರು ಮಂದಿ ಪ್ರಾಣಭಯದಿಂದ ದೀಕ್ಷಾಸ್ನಾನ ಪಡೆದರು. 1492ರಲ್ಲಿ ಉಳಿದವರನ್ನು ದೇಶದಿಂದ ಹೊರಗಟ್ಟಲಾಯಿತು. ಈ ಘಟನೆಗಳಿಗೆಲ್ಲ ಬೆರ್ಸೆಯೊ ಕಾರಣನೆಂದು ನಾವು ಹೇಳುತ್ತಿಲ್ಲ. ಕಾರಣಗಳಲ್ಲಿ ಸಾಲ, ತೆರಿಗೆ, ಅರಸೊತ್ತಿಗೆಯ ದೌರ್ಬಲ್ಯ ಎಲ್ಲವೂ ಸೇರಿವೆ. ಆದರೆ ಮಾರ್ತಿನೆಸನ ಮಾತಿಗೆ ಕಿವಿಗೊಟ್ಟ ಜನ, ಹಬ್ಬದ ದಿನ ಪೂಜೆಯಿಂದ ನೇರವಾಗಿ ಯೆಹೂದ್ಯರ ಕೇರಿಗೆ ಓಡುವ ಗುಂಪಿನ ಕಥೆಯನ್ನು ತಲೆಮಾರುಗಳಿಂದ ಭಕ್ತಿಯಿಂದ ಕೇಳಿ ಬೆಳೆದವರು. ಇಲ್ಲಿ ಇನ್ನೊಂದು ಸಂಗತಿ. ನಮ್ಮ ಪಠ್ಯಕ್ರಮದ ಸಂತ ತೆರೇಸಾರವರ ಅಜ್ಜ ತೊಲೇದೊದ ವರ್ತಕ ಹುವಾನ್ ಸಾಂಚೆಸ್ ಯೆಹೂದ್ಯಮೂಲದ ಕ್ರೈಸ್ತರು. ಗುಟ್ಟಾಗಿ ಯೆಹೂದ್ಯ ಆಚರಣೆಗಳನ್ನು ಉಳಿಸಿಕೊಂಡಿದ್ದಾರೆಂಬ ಆರೋಪದ ಮೇಲೆ 1485ರಲ್ಲಿ ಧರ್ಮವಿಚಾರಣಾ ನ್ಯಾಯಾಲಯದ ಮುಂದೆ ಪ್ರಾಯಶ್ಚಿತ್ತ ಸಲ್ಲಿಸಬೇಕಾಯಿತು. ಬೆರ್ಸೆಯೊನ ಹದಿನೆಂಟನೆಯ ಕಥೆಯ ಕೇರಿಯಿಂದಲೇ ಧರ್ಮಸಭೆಯ ಆ ವಿದ್ಯಾಪಂಡಿತೆಯ ವಂಶ ಹೊರಟದ್ದು.

ದೈವಶಾಸ್ತ್ರದ ದೃಷ್ಟಿಯಿಂದ ಕವಿಯ ತಪ್ಪು ಎಲ್ಲಿದೆ? ಮಾತೆಗೆ ಅತಿಯಾದ ಮಹಿಮೆ ಕೊಟ್ಟದ್ದರಲ್ಲಿ ಎಂಬುದು ಸುಲಭದ ಉತ್ತರ. ಬೋಧಕರು ಸುಳ್ಳು ಉತ್ಪ್ರೇಕ್ಷೆಯನ್ನೂ ಸಂಕುಚಿತ ಮನೋಭಾವವನ್ನೂ ಸಮಾನವಾಗಿ ವರ್ಜಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯ ‘ಲೂಮೆನ್ ಜೆನ್ಸಿಯುಮ್’ 67ನೆಯ ಪರಿಚ್ಛೇದದಲ್ಲಿ ಹೇಳಿರುವುದು ಇಲ್ಲಿ ನೆನಪಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿನ ಕೊರತೆ ಅತಿಮಹಿಮೆಗಿಂತ ಆಳವಾದದ್ದು: ಮಾತೆಯನ್ನು ಅವರ ಜನಾಂಗದಿಂದ ಕಿತ್ತು ತಂದದ್ದು. ನಾಸರೇತಿನ ಮರಿಯಮ್ಮನವರು ಯೆಹೂದ್ಯ ಹೆಣ್ಣುಮಗಳು. ಅವರ ಸ್ತೋತ್ರವು ಅಬ್ರಹಾಮನಿಗೂ ಅವನ ಸಂತತಿಗೂ ದೇವರು ತೋರಿದ ಕರುಣೆಯನ್ನು ನೆನೆಯುತ್ತ ಮುಗಿಯುತ್ತದೆ. ಬೆರ್ಸೆಯೊನ ಮಾತೆಗೆ ಕಾಸ್ತೀಲಿನ ರಾಣಿಯ ಕಿರೀಟವಿದೆ, ಆದರೆ ಅಬ್ರಹಾಮನ ನೆನಪಿಲ್ಲ. ಆದುದರಿಂದಲೇ ತಮ್ಮ ಸ್ವಂತ ಬಂಧುಗಳ ಕೇರಿಯ ಮೇಲೆ ಗುಂಪನ್ನು ಕಳುಹಿಸುವ ಮಾತನ್ನು ಅವರ ಬಾಯಲ್ಲಿಡಲು ಕವಿಗೆ ಕೈ ನಡುಗಲಿಲ್ಲ. ದೇವರು ಕೊಟ್ಟ ವರಗಳೂ ಕರೆಯೂ ಹಿಂತೆಗೆಯಲಾಗದವು ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಬೋಧಿಸುವುದನ್ನು 1965ರ ಅಕ್ಟೋಬರ್ 28ರಂದು ‘ನೊಸ್ತ್ರಾ ಎತಾತೆ’ ಘೋಷಣೆ ಮತ್ತೆ ನಮ್ಮ ಮುಂದಿಟ್ಟಿತು. ಕ್ರಿಸ್ತರ ಪಾಡಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲೀ ಇಂದಿನವರ ಮೇಲಾಗಲೀ ಹೊರಿಸಲಾಗದೆಂದು ಸ್ಪಷ್ಟಪಡಿಸಿತು.

ಇದೆಲ್ಲ ದೂರದ ನಾಡಿನ, ಮುಗಿದುಹೋದ ಕಾಲದ ವಿಷಯವೆಂದು ತಳ್ಳಿಹಾಕುವ ಮುನ್ನ ನಮ್ಮ ಪ್ರಬೋಧನೆಗಳನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಯೆಹೂದ್ಯರನ್ನು ಕಣ್ಣಾರೆ ಕಾಣದ ನಮ್ಮ ಧರ್ಮಕೇಂದ್ರಗಳಲ್ಲಿಯೂ ‘ಫರಿಸಾಯ’ ಎಂಬುದು ಕಪಟಿಗೆ ಪರ್ಯಾಯಪದವಾಗಿದೆ; ತಪಸ್ಸುಕಾಲದಲ್ಲಿ ‘ಯೆಹೂದ್ಯರು ನಮ್ಮ ಪ್ರಭುವನ್ನು ಕೊಂದರು’ ಎಂಬ ವಾಕ್ಯ ಯಾವ ಅಳುಕೂ ಇಲ್ಲದೆ ಹೊರಬೀಳುತ್ತದೆ. ನವೇನ ದಿನಗಳಲ್ಲಿ ಹೇಳುವ ಪವಾಡಕಥೆಗಳಲ್ಲಿ ಹೊರಗಿನವನೊಬ್ಬ ಶಿಕ್ಷೆಗೊಳಗಾಗುವ ತಿರುವು ಬಂದಾಗ ಸಭೆಯಲ್ಲಿ ಮೂಡುವ ತೃಪ್ತಿಯನ್ನು ಬೋಧಕರು ಬಲ್ಲರು. ಬೆರ್ಸೆಯೊ ಬಲ್ಲವನಾಗಿದ್ದಂತೆಯೇ. ಅವನು ದುಷ್ಟನಾಗಿರಲಿಲ್ಲ, ಕೇಳುಗರ ಮನಸ್ಸನ್ನು ಅರಿತ, ಜನರ ಭಾಷೆಯನ್ನು ಪ್ರೀತಿಸಿದ ಒಳ್ಳೆಯ ಬೋಧಕನಾಗಿದ್ದ. ಅವನ ಕೃತಿಯನ್ನು ನಮ್ಮ ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು ನಾವು ಬಯಸುವುದಕ್ಕೆ ಇದೇ ಮುಖ್ಯ ಕಾರಣ.

ಪಾಠದ ಕ್ರಮವನ್ನು ಕುರಿತು ಒಂದು ಸಲಹೆ. ಒಂಬತ್ತನೆಯ ಕಥೆಯನ್ನು ಲ್ಯಾಟರನ್ನಿನ 27ನೆಯ ವಿಧಿಯ ಜೊತೆಗೂ, ಹದಿನೆಂಟನೆಯ ಕಥೆಯನ್ನು ಮೂರನೆಯ ಇನ್ನೊಸೆಂಟರ 1199ರ ಶಾಸನದ ಜೊತೆಗೂ ಇಟ್ಟು ಓದಿಸಿದರೆ ಎರಡು ತರಗತಿಗಳು ಸಾಕು. ಮೊದಲನೆಯದರಲ್ಲಿ ಕವಿ ಕಾನೂನಿಗಿಂತ ದಯಾಳು, ಎರಡನೆಯದರಲ್ಲಿ ಕಾನೂನು ಕವಿಗಿಂತ ದಯಾಳು ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಲ್ಲರು. ಕನ್ನಡಕ್ಕೆ ಈ ಕೃತಿಯನ್ನು ತರಲು ಯಾರಾದರೂ ಮುಂದಾದರೆ, ಕುಡುಕ ಮಠವಾಸಿಯನ್ನೂ ಬಡ ಗುರುವನ್ನೂ ಆರಿಸಿಕೊಂಡು ಭಕ್ತಿಮಾಲೆಯೊಂದನ್ನು ಕಟ್ಟುವ ಆಸೆ ಹುಟ್ಟುವುದು ನಿಶ್ಚಯ. ಇಪ್ಪತ್ತೈದನ್ನೂ ಅನುವಾದಿಸಬೇಕು. ಹದಿನಾರನೆಯ ಕಥೆಯ ನಾಣ್ಯದೆಣಿಕೆಯನ್ನು ಮೆದುಗೊಳಿಸದೆ, ಹದಿನೆಂಟನೆಯ ಕಥೆಯ ಊಟದ ಹಾಸ್ಯವನ್ನು ಅಡಿಟಿಪ್ಪಣಿಗೆ ತಳ್ಳದೆ, ಕವಿ ಬರೆದ ಜಾಗದಲ್ಲಿಯೇ ಇಡಬೇಕು.